ಆಂಬುಲೆನ್ಸ್ ಬರುವ ತನಕ: ಕರಾವಳಿಯ ಮನೆಗಳಿಗೊಂದು ತುರ್ತು ಮಾರ್ಗದರ್ಶಿ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಮೂರೇ. 108ಕ್ಕೆ ಕರೆ ಮಾಡಿ ಕಾಯುವುದಕ್ಕಿಂತ ಕೈಗೆ ಸಿಕ್ಕ ರಿಕ್ಷಾದಲ್ಲಿ ಕರೆದುಕೊಂಡು ಹೋಗುವುದು ಮೇಲಲ್ಲವೇ? ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ನಮ್ಮ ಮೇಲೆ ಕೇಸು ಬೀಳುವುದಿಲ್ಲವೇ? ವೈದ್ಯಕೀಯದ ಗಂಧಗಾಳಿ ಇಲ್ಲದವರು ಆ ಹೊತ್ತಿನಲ್ಲಿ ಏನು ತಾನೇ ಮಾಡಬಹುದು? ಮಂಗಳೂರು ಮತ್ತು ಉಡುಪಿಯ ಸುತ್ತಮುತ್ತಲಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮೂರಕ್ಕೂ ಇಲ್ಲಿ ಕ್ರಮವಾಗಿ ಉತ್ತರಿಸಲಾಗಿದೆ.

ಈ ಎರಡು ಜಿಲ್ಲೆಗಳಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆ 1848ರಿಂದ ನಡೆದುಬಂದಿದೆ. ಅಜ್ಜರಕಾಡಿನಲ್ಲಿ ಉಡುಪಿಯ ಜಿಲ್ಲಾಸ್ಪತ್ರೆ ಇದೆ. ಪುತ್ತೂರು, ಸುಳ್ಯ, ಬೆಳ್ತಂಗಡಿ, ಬಂಟ್ವಾಳ, ಕಾರ್ಕಳ, ಕುಂದಾಪುರಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಖಾಸಗಿ ವೈದ್ಯಕೀಯ ಕಾಲೇಜುಗಳಂತೂ ರಾಜ್ಯದ ಬೇರೆಲ್ಲೂ ಇಷ್ಟು ಒತ್ತೊತ್ತಾಗಿ ಕಾಣಸಿಗುವುದು ಅಪರೂಪ. ಆದರೆ ಘಟನೆ ನಡೆದ ಅಂಗಳದಿಂದ ಕ್ಯಾಶುವಾಲಿಟಿಯ ಬಾಗಿಲ ತನಕದ ಹೊತ್ತು ವೈದ್ಯರ ಕೈಯಲ್ಲಿರುವುದಿಲ್ಲ, ರೋಗಿಯ ಪಕ್ಕದಲ್ಲಿ ನಿಂತವರ ಕೈಯಲ್ಲಿರುತ್ತದೆ. ಆ ಹೊತ್ತಿಗೆಂದೇ ಸರಕಾರ ಕಟ್ಟಿಟ್ಟ ವ್ಯವಸ್ಥೆಯೊಂದಿದ್ದು, ಅದನ್ನು ಕರೆಯುವ ಕ್ರಮ ಗೊತ್ತಿದ್ದವರಿಗೆ ಅದು ಚೆನ್ನಾಗಿಯೇ ಒದಗಿಬರುತ್ತದೆ.

ಮೊದಲೇ ಸಿದ್ಧವಿರಬೇಕಾದದ್ದು

ಒಂದು ದಪ್ಪ ಕಾಗದದಲ್ಲಿ ಈ ಕೆಳಗಿನ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ಚಾವಡಿಯ ಗೋಡೆಗೋ ಫ್ರಿಜ್ಜಿನ ಬಾಗಿಲಿಗೋ ಅಂಟಿಸಿ. ಮೊಬೈಲಿನಲ್ಲಿ ಇದೆಯಲ್ಲ ಎನ್ನಬೇಡಿ; ಆ ಮೊಬೈಲಿನ ಲಾಕ್ ತೆಗೆಯಲು ಗೊತ್ತಿರುವವರೇ ನೆಲಕ್ಕೆ ಬಿದ್ದಿರಬಹುದು.

- 108: ಆಂಬುಲೆನ್ಸ್. ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ ಉಚಿತ ಸೇವೆ.
- 112: ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಒಂದೇ ಸಂಖ್ಯೆ.
- 104: ಆರೋಗ್ಯ ಸಹಾಯವಾಣಿ. ತುರ್ತಲ್ಲದ ಸಲಹೆಗೆ.
- 1033: ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದಾಗ. ತಲಪಾಡಿ, ಹೆಜಮಾಡಿ, ಸಾಸ್ತಾನದಂಥ ಟೋಲ್‌ಗಳ ಆಂಬುಲೆನ್ಸ್ ಹಾಗೂ ಕ್ರೇನ್ ಈ ಸಂಖ್ಯೆಯ ಮೂಲಕ ಸಿಗುತ್ತವೆ.
- 1093: ಕರಾವಳಿ ಕಾವಲು ಪೊಲೀಸ್. 1554: ಕೋಸ್ಟ್ ಗಾರ್ಡ್. ಕಡಲಿನಲ್ಲಿ ಅವಘಡವಾದಾಗ.
- 1912: ಮೆಸ್ಕಾಂ. ತಂತಿ ಕಡಿದು ಬಿದ್ದಾಗ.
- 1800 116 117: ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ.

ಇದೇ ಕಾಗದದ ಕೆಳಭಾಗದಲ್ಲಿ ನಿಮ್ಮ ಮನೆಗೆ ಬರುವ ದಾರಿಯನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ. ಇದು ಕ್ಷುಲ್ಲಕವೆಂದು ಕಂಡೀತು, ಆದರೆ ಇಡೀ ಸಿದ್ಧತೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದೇ. ಏಕೆಂಬುದನ್ನು ಎರಡನೆಯ ಹಂತದಲ್ಲಿ ನೋಡೋಣ. ಉಳಿದಂತೆ ಒಂದು ಡಬ್ಬಿಯಲ್ಲಿ ತೊಳೆದು ಒಣಗಿಸಿದ ಹತ್ತಿಬಟ್ಟೆ, ಅಗಲದ ಬ್ಯಾಂಡೇಜ್ ಸುರುಳಿಗಳು, ಕತ್ತರಿ, ಕೈಗವಸು ಮತ್ತು ಟಾರ್ಚ್ ಇದ್ದರೆ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗದ ರಾತ್ರಿಯೇ ನಮ್ಮಲ್ಲಿ ಕಡಿಮೆಯಾದ್ದರಿಂದ ಟಾರ್ಚ್ ಚಾರ್ಜ್ ಆಗಿದೆಯೇ ಎಂದು ಆಗಾಗ ನೋಡಿಕೊಳ್ಳಿ.

1. ಹತ್ತಿರ ಹೋಗುವ ಮುನ್ನ ಒಮ್ಮೆ ಸುತ್ತ ನೋಡಿ

ಸಹಾಯಕ್ಕೆ ಓಡಿದವರೇ ಎರಡನೆಯ ಬಲಿಯಾಗುವುದು ನಮ್ಮಲ್ಲಿ ಮುಖ್ಯವಾಗಿ ಎರಡು ಕಡೆ: ವಿದ್ಯುತ್ ತಗಲಿದಾಗ ಮತ್ತು ನೀರಿನಲ್ಲಿ.

ಅಡಿಕೆ ಅಥವಾ ತೆಂಗು ಕೊಯ್ಯುವ ಅಲ್ಯೂಮಿನಿಯಂ ದೋಟಿ ತೋಟದ ಮೇಲಿನ ತಂತಿಗೆ ತಾಗಿದರೆ, ಹಿಡಿದವರನ್ನು ಎಳೆಯಲು ಹೋದವರಿಗೂ ಅದೇ ಗತಿ. ಮನೆಯೊಳಗಿನ ಘಟನೆಯಾದರೆ ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ಅನಂತರವೇ ಮುಟ್ಟಿ. ಹೊರಗಿನ ಲೈನ್ ಆಗಿದ್ದರೆ ಕನಿಷ್ಠ 10 ಮೀಟರ್ ದೂರದಲ್ಲೇ ನಿಂತು 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಬೇಕು. ಒಣ ಕೋಲಿನಿಂದ ತಂತಿ ಸರಿಸುವ ಸಾಹಸ ಮನೆಯ ವೈರಿಗೆ ನಡೆದೀತೇ ಹೊರತು ಹೈಟೆನ್ಶನ್ ಲೈನಿಗೆ ಖಂಡಿತ ನಡೆಯದು. ಮಳೆಗಾಲದಲ್ಲಿ ಪೂರ್ತಿ ಒಣಗಿದ ಕೋಲು ಸಿಗುವುದೂ ಅಷ್ಟರಲ್ಲೇ ಇದೆ. ಸಿಡಿಲು ಬಡಿದವರ ವಿಷಯ ಮಾತ್ರ ಬೇರೆ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲವಾದ್ದರಿಂದ ಕೂಡಲೇ ಮುಟ್ಟಬಹುದು, ಮುಟ್ಟಲೇಬೇಕು.

ಹೆದ್ದಾರಿಯಲ್ಲಾದರೆ ನಿಮ್ಮ ವಾಹನದ ನಾಲ್ಕೂ ಇಂಡಿಕೇಟರ್ ಹಾಕಿ, ಹಿಂದಿನಿಂದ ಬರುವವರಿಗೆ ಕೈಬೀಸಿ ಎಚ್ಚರಿಸಲು ಒಬ್ಬರನ್ನು ದೂರದಲ್ಲಿ ನಿಲ್ಲಿಸಿ.

2. ಕರೆ ಮಾಡುವ ಕ್ರಮ

108ಕ್ಕೆ ಮಾಡುವ ಕರೆಯನ್ನು ಎತ್ತುವುದು ನಿಮ್ಮ ಊರಿನ ಆಸ್ಪತ್ರೆಯಲ್ಲ, ಇಡೀ ರಾಜ್ಯದ ಕರೆಗಳನ್ನು ನೋಡಿಕೊಳ್ಳುವ ಕೇಂದ್ರ. ಅಲ್ಲಿ ಕುಳಿತವರಿಗೆ ‘ಬೈಲೂರು ದೇವಸ್ಥಾನದ ಹತ್ತಿರ’ ಎಂದರೆ ಏನೂ ತಿಳಿಯುವುದಿಲ್ಲ. ಬೈಲೂರು ಉಡುಪಿ ನಗರದಲ್ಲಿಯೂ ಇದೆ, ಕಾರ್ಕಳ ತಾಲೂಕಿನಲ್ಲಿಯೂ ಇದೆ. ಪದವು, ಬೈಲು, ಗುಡ್ಡೆ, ಕಟ್ಟೆ ಎಂದು ಮುಗಿಯುವ ಹೆಸರುಗಳು ನಮ್ಮಲ್ಲಿ ಊರಿಗೆ ಒಂದರಂತೆ ಇವೆ. ಆದ್ದರಿಂದ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಕ್ರಮದಲ್ಲಿ ಹೇಳಿ: ಜಿಲ್ಲೆ, ತಾಲೂಕು, ಗ್ರಾಮ, ಮುಖ್ಯರಸ್ತೆಯಿಂದ ಒಳಗೆ ತಿರುಗುವ ಜಾಗದ ಗುರುತು (ಹಾಲಿನ ಡೈರಿ, ಭಜನಾ ಮಂದಿರ, ಅಂಗನವಾಡಿ), ಆಮೇಲೆ ಮನೆ. ಗೋಡೆಯ ಕಾಗದದಲ್ಲಿ ಬರೆದಿಡಬೇಕೆಂದದ್ದು ಇದನ್ನೇ. ಗಾಬರಿಯಲ್ಲಿ ಸ್ವಂತ ಮನೆಯ ವಿಳಾಸವೇ ನಾಲಗೆಗೆ ಬರುವುದಿಲ್ಲ. ಅಜ್ಜಿಯೊಬ್ಬರೇ ಇದ್ದರೂ, ರಜೆಗೆ ಬಂದ ಮೊಮ್ಮಗಳೊಬ್ಬಳೇ ಇದ್ದರೂ ನೋಡಿ ಓದುವಂತಿರಬೇಕು.

ಅನಂತರ ಹೇಳಬೇಕಾದದ್ದು ಏನಾಯಿತು, ಎಷ್ಟು ಮಂದಿಗೆ, ಎಚ್ಚರವಿದೆಯೇ, ಉಸಿರಾಟವಿದೆಯೇ ಎಂಬುದು. ಅವರು ಪ್ರಶ್ನೆ ಕೇಳುತ್ತಾರೆಂದು ಸಿಡುಕಬೇಡಿ. ಯಾವ ಬಗೆಯ ವಾಹನ ಕಳುಹಿಸಬೇಕೆಂಬುದನ್ನು ಆ ಉತ್ತರಗಳೇ ತೀರ್ಮಾನಿಸುತ್ತವೆ: ಆಮ್ಲಜನಕ ಮತ್ತು ಪ್ರಥಮ ಚಿಕಿತ್ಸೆಯ ಸಲಕರಣೆಗಳಷ್ಟೇ ಇರುವ ಸಾಮಾನ್ಯ ಆಂಬುಲೆನ್ಸೋ, ವೆಂಟಿಲೇಟರ್ ಮತ್ತು ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇರುವ ಸುಧಾರಿತ ಆಂಬುಲೆನ್ಸೋ ಎಂದು. ಅವರಾಗಿ ಕರೆ ಮುಗಿಸುವ ತನಕ ಫೋನ್ ಇಡಬೇಡಿ. ಆ ಬಳಿಕವೂ ಅದೇ ಫೋನಿನಲ್ಲಿ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಲು ಕೂರಬೇಡಿ. ದಾರಿ ಕೇಳಲು ಆಂಬುಲೆನ್ಸಿನವರು ಕರೆ ಮಾಡುವುದು ಆ ಸಂಖ್ಯೆಗೇ.

ಘಟ್ಟದ ತಪ್ಪಲಿನಲ್ಲಿ ನಿಮ್ಮ ಸಿಮ್ಮಿಗೆ ರೇಂಜ್ ಸಿಗದಿದ್ದರೆ 112ಕ್ಕೆ ಪ್ರಯತ್ನಿಸಿ. ಬೇರೆ ಕಂಪೆನಿಯ ಟವರ್ ಹತ್ತಿರದಲ್ಲಿದ್ದರೆ ಆ ಕರೆ ಅದರ ಮೂಲಕ ಹೋಗುವ ಸಾಧ್ಯತೆ ಇದೆ.

ಇನ್ನು ರಿಕ್ಷಾದ ಪ್ರಶ್ನೆ. ಎಚ್ಚರವಿದ್ದು, ಕುಳಿತುಕೊಳ್ಳಬಲ್ಲ, ಬೆನ್ನಿಗೆ ಕುತ್ತಿಗೆಗೆ ಪೆಟ್ಟಾಗದ ರೋಗಿಯನ್ನು ಸ್ವಂತ ವಾಹನದಲ್ಲಿ ಒಯ್ಯುವುದರಲ್ಲಿ ತಪ್ಪಿಲ್ಲ. ಮನೆ ತೀರಾ ಒಳಗಿದ್ದರೆ 108ಕ್ಕೆ ತಿಳಿಸಿ ಹೊರಟು, ದಾರಿಯಲ್ಲಿ ಇಂಥ ಕಡೆ ಭೇಟಿಯಾಗುತ್ತೇವೆಂದು ನಿಶ್ಚಯಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಉಸಿರು ನಿಂತವರನ್ನು, ಮರದಿಂದ ಬಿದ್ದವರನ್ನು ಮಾತ್ರ ರಿಕ್ಷಾದಲ್ಲಿ ಮಡಚಿ ಕೂರಿಸಬೇಡಿ. ಆಂಬುಲೆನ್ಸಿನಲ್ಲಿ ಬರುವ ತುರ್ತು ವೈದ್ಯಕೀಯ ತಂತ್ರಜ್ಞರು ದಾರಿಯುದ್ದಕ್ಕೂ ಚಿಕಿತ್ಸೆ ಮುಂದುವರಿಸುತ್ತಾರೆ. ಯಾವ ಆಸ್ಪತ್ರೆಯಲ್ಲಿ ಈ ತೊಂದರೆಗೆ ಬೇಕಾದ ಸೌಲಭ್ಯವಿದೆ ಎಂಬುದೂ ಅವರಿಗೆ ತಿಳಿದಿರುತ್ತದೆ. ನಾಲ್ಕು ಆಸ್ಪತ್ರೆಗಳ ಬಾಗಿಲು ತಟ್ಟಿ ‘ಇಲ್ಲಿ ಆಗುವುದಿಲ್ಲ’ ಎನಿಸಿಕೊಂಡು ಕಳೆಯುವ ಒಂದು ಗಂಟೆ ಉಳಿಯುವುದು ಇದರಿಂದಲೇ.

ಮನೆಗೂ ರಸ್ತೆಗೂ ನಡುವೆ ಕಾಲುಸಂಕವಿದ್ದರೆ, ಅಥವಾ ದರೆ ಇಳಿದು ತೋಟ ದಾಟಬೇಕಿದ್ದರೆ, ಅದನ್ನೂ ಕರೆಯಲ್ಲೇ ಹೇಳಿ. ಒಬ್ಬರು ಟಾರ್ಚ್ ಹಿಡಿದು ರಸ್ತೆಯ ಬದಿಯಲ್ಲಿ ನಿಂತಿರಲಿ. ನಾಯಿಯನ್ನು ಕಟ್ಟಿಹಾಕಿ.

3. ಉಸಿರಿಲ್ಲದಿದ್ದರೆ ಎದೆ ಒತ್ತಿ

ಭುಜ ತಟ್ಟಿ ಗಟ್ಟಿಯಾಗಿ ಕರೆಯಿರಿ. ಓಗೊಡದಿದ್ದರೆ 10 ಸೆಕೆಂಡು ಮೀರದಂತೆ ಎದೆಯ ಏರಿಳಿತ ನೋಡಿ. ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಏದುಸಿರು ಎಳೆಯುವುದು ಉಸಿರಾಟವಲ್ಲ. ‘ಇನ್ನೂ ಜೀವ ಇದೆ, ಉಸಿರಾಡುತ್ತಿದ್ದಾರೆ’ ಎಂದು ಎಷ್ಟೋ ಕಡೆ ಸುತ್ತ ನಿಂತು ನೋಡುತ್ತಲೇ ಇರುವುದು ಈ ಏದುಸಿರಿನಿಂದಾಗುವ ಭ್ರಮೆ. ಹೃದಯ ನಿಂತ ಮೇಲೂ ಕೆಲವು ನಿಮಿಷ ಅದು ಕಾಣಿಸಿಕೊಳ್ಳಬಹುದು.

ಮಾಡಬೇಕಾದದ್ದು ಸಿಪಿಆರ್, ಎಂದರೆ ನಿಂತ ಹೃದಯದ ಕೆಲಸವನ್ನು ಹೊರಗಿನಿಂದ ಕೈಗಳಿಂದ ಮಾಡುವುದು. ಮಂಚದ ಮೇಲಿದ್ದರೆ ನೆಲಕ್ಕೆ ಇಳಿಸಿ. ಹಾಸಿಗೆಯ ಮೇಲೆ ಒತ್ತಿದರೆ ತಗ್ಗುವುದು ಹಾಸಿಗೆಯೇ. ಪಕ್ಕದಲ್ಲಿ ಮಂಡಿಯೂರಿ, ಎದೆಯ ನಟ್ಟನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನು ಊರಿ, ಅದರ ಮೇಲೆ ಇನ್ನೊಂದನ್ನು ಇಟ್ಟು, ಮೊಣಕೈ ಬಗ್ಗಿಸದೆ, ನಿಮ್ಮ ಸೊಂಟದ ಮೇಲಿನ ಭಾರವನ್ನೆಲ್ಲ ಇಳಿಬಿಟ್ಟು ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ತರಬೇತಿ ಪಡೆದವರು 30 ಸಲ ಒತ್ತಿ 2 ಸಲ ಬಾಯಿಂದ ಉಸಿರು ಕೊಡಬಹುದು. ಉಳಿದವರು ನಿಲ್ಲಿಸದೆ ಒತ್ತಿದರೆ ಸಾಕು. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಬಿಟ್ಟುಕೊಡಿ, ಏಕೆಂದರೆ ಸರಿಯಾಗಿ ಒತ್ತುವವರಿಗೆ ಅಷ್ಟರಲ್ಲಿ ಕೈ ಸೋಲುತ್ತದೆ.

ಒತ್ತುವಾಗ ಪಕ್ಕೆಲುಬು ‘ಲಟಕ್’ ಎಂದೀತು. ಅಲ್ಲಿಗೇ ಕೈ ತೆಗೆಯುವವರು ಬಹಳ. ಮುರಿದ ಪಕ್ಕೆಲುಬು ಕೂಡುತ್ತದೆ, ನೀವು ಮುಂದುವರಿಸಬೇಕು. ರೈಲು ನಿಲ್ದಾಣ, ವಿಮಾನ ನಿಲ್ದಾಣದಂಥ ಕಡೆ ಎಇಡಿ ಎಂಬ ಪೆಟ್ಟಿಗೆ ಇದ್ದರೆ ತರಿಸಿ. ಹೃದಯದ ಬಡಿತ ತಾಳ ತಪ್ಪಿದ್ದರೆ ಅದನ್ನು ತಾನೇ ಗುರುತಿಸಿ ಶಾಕ್ ಕೊಡುವ ಯಂತ್ರ ಅದು. ಏನು ಮಾಡಬೇಕೆಂಬುದನ್ನೂ ಅದೇ ಧ್ವನಿಯಲ್ಲಿ ಹೇಳುತ್ತದೆ.

ಓದಿ ತಿಳಿದದ್ದು ಕೈಗೆ ಬರಲು ಒಂದು ಅರ್ಧ ದಿನದ ತರಬೇತಿ ಬೇಕು. ರೆಡ್ ಕ್ರಾಸ್‌ನವರೂ ವೈದ್ಯಕೀಯ ಕಾಲೇಜುಗಳವರೂ ಗೊಂಬೆಗಳನ್ನು ಇಟ್ಟು ಕಲಿಸುತ್ತಾರೆ. ಸ್ವಸಹಾಯ ಸಂಘ, ಯುವಕ ಮಂಡಲಗಳ ಮೂಲಕ ಕೇಳಿಕೊಂಡರೆ ಊರಿಗೇ ಬರುವುದೂ ಉಂಟು.

4. ರಕ್ತ ಹರಿಯುತ್ತಿದ್ದರೆ

ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ಕೀಳದೆ ಅದರ ಮೇಲೆ ಇನ್ನೊಂದನ್ನಿಟ್ಟು ಇನ್ನಷ್ಟು ಒತ್ತಿ. ನಿಂತಿದೆಯೇ ಎಂದು ಮತ್ತೆ ಮತ್ತೆ ತೆರೆದು ನೋಡಬೇಡಿ. ಕಾಫಿಪುಡಿ, ಅರಿಶಿನ, ಸುಣ್ಣ ಹಾಕಿದರೆ ಗಾಯ ತೊಳೆಯುವ ಕೆಲಸ ವೈದ್ಯರಿಗೆ ಹೆಚ್ಚುತ್ತದೆ, ಅಷ್ಟೆ. ಚುಚ್ಚಿಕೊಂಡ ಕಬ್ಬಿಣವನ್ನೋ ಗಾಜನ್ನೋ ಕೀಳಬೇಡಿ. ಅಲುಗದಂತೆ ಸುತ್ತ ಬಟ್ಟೆಯಿಟ್ಟು ಕಟ್ಟಿ. ಬೈಕಿನಿಂದ ಬಿದ್ದವರು ಉಸಿರಾಡುತ್ತಿದ್ದರೆ ಹೆಲ್ಮೆಟ್ಟಿಗೆ ಕೈಹಾಕಬೇಡಿ. ಬಾಯಿಗೆ ನೀರು ಸುರಿಯಬೇಡಿ.

5. ಹಾವು ಕಡಿದಾಗ

ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಇಲ್ಲಿ ತಪ್ಪುಗಳಾಗುವುದು ಅಜ್ಞಾನದಿಂದಲ್ಲ, ತಲೆಮಾರುಗಳಿಂದ ಬಂದ ಖಚಿತ ನಂಬಿಕೆಯಿಂದ.

ಕಡಿತವಾದ ಕೂಡಲೇ ಆ ಕೈಯಿಂದ ಉಂಗುರ, ಬಳೆ, ವಾಚು, ಕಾಲಾದರೆ ಗೆಜ್ಜೆ, ಕಾಲುಂಗುರ ತೆಗೆಯಿರಿ. ಬಾವು ಏರಿದ ಮೇಲೆ ಅವು ಬೆರಳನ್ನೇ ಕೊಲ್ಲುತ್ತವೆ. ಕಡಿತವಾದ ಅಂಗ ಅಲುಗದಂತೆ, ಮುರಿದ ಎಲುಬಿಗೆ ಕಟ್ಟುವ ಹಾಗೆ, ಒಂದು ಪಟ್ಟಿಯನ್ನೋ ಮಡಚಿದ ಪತ್ರಿಕೆಯನ್ನೋ ಇಟ್ಟು ಸಡಿಲವಾಗಿ ಕಟ್ಟಿ. ರೋಗಿ ನಡೆಯಬಾರದು, ಓಡಬಾರದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ರಸ್ತೆಗೆ ತರಬಹುದು. ವಾಂತಿ ಬರುತ್ತಿದ್ದರೆ, ಮಂಪರು ಕವಿಯುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ.

ಮಾಡಬಾರದ್ದು ಇವು: ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಮದ್ದು ಅರೆದು ಕುಡಿಸುವುದು. ಬಿಗಿಕಟ್ಟು ಕಟ್ಟಿಕೊಂಡು ಬಂದವರಲ್ಲಿ ರಕ್ತ ಸಂಚಾರ ನಿಂತು ಅಂಗವೇ ಕೊಳೆಯುವ ಅಪಾಯವಿದೆ. ಈಗಾಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ವೈದ್ಯರ ಎದುರಿನಲ್ಲೇ ಬಿಚ್ಚಲಿ. ‘ಮೊದಲು ವಿಷ ತೆಗೆಯುವವರ ಹತ್ತಿರ ಹೋಗಿ ಬರೋಣ’ ಎಂಬ ಮಾತಿಗೆ ಒಪ್ಪಬೇಡಿ. ಅವರಿಂದ ಗುಣವಾದವರೆಲ್ಲ ಇಲ್ಲವೇ ಎಂದು ಕೇಳುತ್ತಾರೆ. ಇದ್ದಾರೆ, ನಮ್ಮ ಸುತ್ತಲಿನ ಬಹುಪಾಲು ಹಾವುಗಳಿಗೆ ವಿಷವಿಲ್ಲ, ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಡಿಯುತ್ತದೆ. ಏನೂ ಮಾಡದಿದ್ದರೂ ಬದುಕುತ್ತಿದ್ದವರ ಲೆಕ್ಕ ಅದು. ಹೆಸರು ನಾಟಿ ಮದ್ದಿಗೆ ಬರುತ್ತದೆ.

ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಒಟ್ಟಾಗಿ ಕೆಲಸ ಮಾಡುವಂತೆ ತಯಾರಿಸಲಾಗುತ್ತದೆ. ಆದ್ದರಿಂದ ಹಾವನ್ನು ಕೊಂದು ತೊಟ್ಟೆಯಲ್ಲಿ ಹಾಕಿ ತರುವ ಅಗತ್ಯವಿಲ್ಲ. ದೂರದಿಂದ ಒಂದು ಫೋಟೋ ಸಿಕ್ಕಿದರೆ ಸಿಗಲಿ, ಇಲ್ಲದಿದ್ದರೆ ಬಿಡಿ. ಪಶ್ಚಿಮ ಘಟ್ಟದ ಕೆಲವು ಗುಳಿಮಂಡಲಗಳ ಕಡಿತಕ್ಕೆ ಈ ಪ್ರತಿವಿಷ ನಾಟುವುದಿಲ್ಲ ಎಂಬುದೂ ನಿಜ. ಕೊಡಬೇಕೋ ಬೇಡವೋ, ಎಷ್ಟು ಎಂಬುದನ್ನು ಲಕ್ಷಣ ನೋಡಿ ವೈದ್ಯರೇ ತೀರ್ಮಾನಿಸುತ್ತಾರೆ. ಅದಕ್ಕೊಂದು ಸರಳ ಪರೀಕ್ಷೆ ಇದೆ. ಸ್ವಲ್ಪ ರಕ್ತವನ್ನು ಹೊಸ ಗಾಜಿನ ನಳಿಕೆಯಲ್ಲಿ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಅನಂತರ ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಆರಂಭಿಸಿದೆ ಎಂದರ್ಥ. ಆ 20 ನಿಮಿಷ ‘ಡಾಕ್ಟರು ಏನೂ ಮಾಡದೆ ಕೂತಿದ್ದಾರೆ’ ಎಂದು ಗಲಾಟೆ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ.

ಕಟ್ಟುಹಾವಿನ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಬೇಕು. ರಾತ್ರಿ ನೆಲದಲ್ಲಿ ಮಲಗಿದವರನ್ನು ಅದು ಕಡಿದರೆ ನೋವು, ಬಾವು, ಗುರುತು ಯಾವುದೂ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆಗಳು ಜೋತುಬೀಳುತ್ತಾ, ಮಾತು ತೊದಲುತ್ತಾ ಹೋದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಾಯಬೇಡಿ.

ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷ ಉಚಿತ. ಹೊರಗೆ ಪ್ರತಿ ವಯಲ್‌ಗೂ ಹಣ ತೆರಬೇಕು, ಆರಂಭದಲ್ಲೇ ಎಂಟು ಹತ್ತು ವಯಲ್‌ ಬೇಕಾಗುತ್ತದೆ. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಯಾವ ತಾಲೂಕಿನಲ್ಲಿ ಎಷ್ಟು ಕಡಿತಗಳಾಗುತ್ತವೆಂಬ ಲೆಕ್ಕ ಸಿಕ್ಕಿದರೆ ಅಲ್ಲಿ ಎಷ್ಟು ಔಷಧಿ ಇಡಬೇಕೆಂಬುದೂ ತಿಳಿಯುತ್ತದೆ. ನೀವು ಮನೆಮದ್ದಿನಲ್ಲೇ ಮುಗಿಸಿದ ಪ್ರಕರಣ ಆ ಲೆಕ್ಕಕ್ಕೆ ಸೇರುವುದಿಲ್ಲ.

6. ಅಡಿಕೆ, ತೆಂಗಿನ ಮರದಿಂದ ಬಿದ್ದವರು

ಕುರ್ಚಿ ಇಲ್ಲಿ ಬೇಡವೇ ಬೇಡ. ಕೈಕಾಲು ಹಿಡಿದು ಎತ್ತುವುದೂ ಬೇಡ. ಬೆನ್ನುಹುರಿಗೆ ಬಿದ್ದಾಗ ಆಗದಿದ್ದ ಹಾನಿ ಎತ್ತುವಾಗ ಆಗಿ, ದುಡಿಯುವ ಪ್ರಾಯದವರು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳಬಹುದು. ಒಬ್ಬರು ತಲೆಯ ಎರಡೂ ಬದಿಯನ್ನು ಹಿಡಿದು ಕುತ್ತಿಗೆ ಅಲುಗದಂತೆ ಕುಳಿತಿರಲಿ, ಆಂಬುಲೆನ್ಸ್ ಬರುವ ತನಕ ಹಾಗೆಯೇ ಇರಲಿ. ಮಳೆ ಬಂದರೆ ಟಾರ್ಪಾಲು ಹಿಡಿಯಿರಿ. ಅಲ್ಲಿಂದ ಕದಲಿಸಲೇಬೇಕಾದರೆ ಬಾಗಿಲಿನ ಹಲಗೆಯನ್ನೋ ಬೆಂಚನ್ನೋ ತಂದು, ನಾಲ್ಕೈದು ಮಂದಿ ಸೇರಿ, ತಲೆ ಹಿಡಿದವರ ಮಾತಿನಂತೆ ತಲೆ, ಬೆನ್ನು, ಕಾಲು ಒಂದೇ ಗೆರೆಯಲ್ಲಿರುವಂತೆ ಮಗ್ಗುಲಿಗೆ ಹೊರಳಿಸಿ ಹಲಗೆಯನ್ನು ಅಡಿಗೆ ಸರಿಸಬೇಕು.

7. ಕಡಲು, ಹೊಳೆ, ಕೆರೆ

ಈಜು ಬಲ್ಲವರೆಂಬ ಧೈರ್ಯದಿಂದ ಹಾರಬೇಡಿ. ಬಾವಿಯ ಹಗ್ಗ, ಉದ್ದದ ದೋಟಿ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಯಾವುದಾದರೂ ಎಸೆಯಿರಿ. ಮಲ್ಪೆ, ಪಣಂಬೂರುಗಳಲ್ಲಿ ಮಳೆಗಾಲದಲ್ಲಿ ನೀರಿಗಿಳಿಯಬಾರದೆಂದು ತಡೆಯುವ ಜೀವರಕ್ಷಕರ ಜೊತೆ ವಾದಕ್ಕೆ ನಿಲ್ಲುವವರನ್ನು ಕಂಡರೆ, ಅವರ ಸಂಬಳಕ್ಕೆ ನಾವು ತೆತ್ತ ತೆರಿಗೆಯ ಪೂರ್ಣ ಪ್ರಯೋಜನ ಅದೇ ಗಳಿಗೆಯಲ್ಲಿ ನಮಗೆ ಸಿಗುತ್ತಿದೆ ಎಂದು ತಿಳಿಹೇಳಿ.

ಮೇಲಕ್ಕೆ ತಂದವರನ್ನು ತಲೆಕೆಳಗಾಗಿ ಹಿಡಿಯುವುದು, ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಈಗಲೂ ನಡೆಯುತ್ತದೆ. ಹೊಟ್ಟೆಯಿಂದ ಬಂದ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಇರುವ ಹೊತ್ತೂ ಹೋಗುತ್ತದೆ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಉಸಿರಿಲ್ಲದಿದ್ದರೆ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಂದ ಬಾಯಿಗೆ 5 ಸಲ ಉಸಿರು ಕೊಟ್ಟು ಆಮೇಲೆ 30ಕ್ಕೆ 2ರಂತೆ ಸಿಪಿಆರ್ ಮುಂದುವರಿಸಿ. ಎದ್ದು ಕುಳಿತು ‘ನನಗೇನಾಗಿಲ್ಲ’ ಎಂದವರನ್ನೂ ಆಸ್ಪತ್ರೆಗೆ ತೋರಿಸಲೇಬೇಕು. ಕೆಲವು ಗಂಟೆಗಳ ಬಳಿಕ ಉಸಿರಾಟ ಕೆಡುವುದುಂಟು.

8. ಎದೆನೋವು ಮತ್ತು ಪಾರ್ಶ್ವವಾಯು

ಎದೆಯ ನಡುವೆ ಹಿಂಡಿದಂತಾಗಿ, ನೋವು ಎಡಗೈಗೋ ದವಡೆಗೋ ಹರಿದು, ತಣ್ಣನೆ ಬೆವರು ಬಂದರೆ ಅದು ಸೋಡಾ ಶರಬತ್ತಿನಿಂದ ಇಳಿಯುವ ಗ್ಯಾಸ್ ಅಲ್ಲ ಎಂದೇ ಭಾವಿಸಿ. ಮಧುಮೇಹ ಇರುವವರಲ್ಲಿ, ಹೆಂಗಸರಲ್ಲಿ ಬರೀ ಆಯಾಸ, ಓಕರಿಕೆ ಮಾತ್ರ ಇರಬಹುದು. ನಡೆಸಬೇಡಿ, ಸ್ವತಃ ವಾಹನ ಓಡಿಸಲು ಬಿಡಬೇಡಿ. ಹೃದಯಾಘಾತವನ್ನು ಖಚಿತಪಡಿಸುವ ಇಸಿಜಿ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ಆ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕುಳಿತಲ್ಲೇ ನೋಡುತ್ತಾರೆ. ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲು ಏರ್ಪಾಡಿದೆ. ನೇರ ಮಂಗಳೂರಿಗೇ ಹೋಗೋಣವೆಂದು ಹತ್ತಿರದ ತಾಲೂಕು ಆಸ್ಪತ್ರೆಯನ್ನು ದಾಟಿಹೋಗುವುದು ಅನೇಕ ಸಲ ಲಾಭದ ಬಾಬ್ತಲ್ಲ.

ಪಾರ್ಶ್ವವಾಯುವಿನಲ್ಲಿ ಲೆಕ್ಕ ತಿರುಗುಮುರುಗು. ಬಾಯಿ ಒಂದು ಬದಿಗೆ ವಾಲಿದರೆ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೆಳಗಿಳಿದರೆ, ಮಾತು ತೊದಲಿದರೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಹೆಪ್ಪು ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಳ್ಳಿ; ವೈದ್ಯರು ಮೊದಲು ಕೇಳುವುದು ಅದನ್ನೇ. ನೀರು, ಮಾತ್ರೆ ಏನನ್ನೂ ಕೊಡಬೇಡಿ. ಆಸ್ಪಿರಿನ್ ಕೂಡ ಬೇಡ, ಏಕೆಂದರೆ ಮೆದುಳಿನಲ್ಲಿ ರಕ್ತಸ್ರಾವವೇ ಆಗಿದ್ದರೆ ಅದು ವಿಷವಾಗುತ್ತದೆ.

9. ಉಳಿದವು, ಚುಟುಕಾಗಿ

ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಮೊಟ್ಟೆ ಬೇಡ, ಬೊಬ್ಬೆ ಒಡೆಯಬೇಡಿ.

ಅಪಸ್ಮಾರದ ಸೆಳೆತ ಬಂದವರ ಕೈಗೆ ಕಬ್ಬಿಣ, ಬಾಯಿಗೆ ಚಮಚ ತುರುಕಬೇಡಿ. ತಲೆಗೆ ಮೆತ್ತನೆಯದನ್ನು ಇಟ್ಟು, ಸೆಳೆತ ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. 5 ನಿಮಿಷ ಮೀರಿದರೆ 108.

ಸೀಮೆಎಣ್ಣೆ, ಆಸಿಡ್, ಕೀಟನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಜೊತೆಗೇ ಒಯ್ಯಿರಿ, ಅದರ ಲೇಬಲ್ಲಿನಲ್ಲಿ ವೈದ್ಯರಿಗೆ ಬೇಕಾದ ಹೆಸರಿರುತ್ತದೆ.

ಗಂಟಲಲ್ಲಿ ತುತ್ತು ಸಿಕ್ಕಿ ಕೆಮ್ಮಲೂ ಆಗದವರನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ 5 ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಎಳೆಯಿರಿ. ಒಂದು ವರ್ಷದೊಳಗಿನ ಶಿಶುವಿಗೆ ಹೊಟ್ಟೆ ಒತ್ತುವ ಕ್ರಮ ಸಲ್ಲದು.

10. ಆಸ್ಪತ್ರೆಯ ಬಾಗಿಲಲ್ಲಿ: ಕೇಸು ಮತ್ತು ಕಾಸು

ಅಪಘಾತದಲ್ಲಿ ಸಹಾಯ ಮಾಡಿದವರ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಈಗ ಇಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ನೆರವಿಗೆ ಬಂದವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಸೆಕ್ಷನ್ ಸೇರಿತು. ಒಳ್ಳೆಯ ಉದ್ದೇಶದಿಂದ ನೆರವಾದವರು ರೋಗಿಯ ಗಾಯ ಅಥವಾ ಸಾವಿಗೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆಗಾರರಲ್ಲ. ಹೆಸರು, ವಿಳಾಸ ಕೊಡುವಂತೆ ಪೊಲೀಸರೂ ಆಸ್ಪತ್ರೆಯವರೂ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ನಿಮ್ಮ ಇಚ್ಛೆ. ಕ್ಯಾಶುವಾಲಿಟಿಯಲ್ಲಿ ‘ಎಂಎಲ್‌ಸಿ’ ಎಂದು ಬರೆದುಕೊಳ್ಳುವುದನ್ನು ಕಂಡು ಹೆದರಬೇಡಿ. ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬುದಷ್ಟೇ ಅದರ ಅರ್ಥ, ಆ ಕೆಲಸ ಆಸ್ಪತ್ರೆಯದು. ಮುಂದೆ ವಿಮೆಗೆ, ಪರಿಹಾರಕ್ಕೆ ಅದೇ ದಾಖಲೆ ಆಧಾರವಾಗುತ್ತದೆ.

ಮುಂಗಡ ಹಣ ಕಟ್ಟದೆ ತುರ್ತು ಚಿಕಿತ್ಸೆ ಆರಂಭಿಸುವುದಿಲ್ಲವೆಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಜೀವ ಉಳಿಸುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ, ಅಪಘಾತವಾದ ದಿನದಿಂದ 7 ದಿನಗಳ ಮಟ್ಟಿಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಇತರ ಕಾಯಿಲೆಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸರಕಾರಿ ಆಸ್ಪತ್ರೆಯ ರೆಫರಲ್, ಅಂದರೆ ‘ಇಲ್ಲಿ ಆಗದು, ಅಲ್ಲಿಗೆ ಕಳುಹಿಸಿದ್ದೇವೆ’ ಎಂಬ ಪತ್ರ, ಸಾಮಾನ್ಯವಾಗಿ ಬೇಕಾಗುತ್ತದೆ. ತುರ್ತು ಸಂದರ್ಭಕ್ಕೆ ವಿನಾಯಿತಿ ಉಂಟು. ಬಿಲ್ಲಿನ ಕೌಂಟರಿಗೆ ಹೋಗುವ ಮುನ್ನ ಆಸ್ಪತ್ರೆಯಲ್ಲಿರುವ ‘ಆರೋಗ್ಯಮಿತ್ರ’ರನ್ನು ಹುಡುಕಿ. ಈ ಯೋಜನೆಗಳ ಕಾಗದಪತ್ರ ನೋಡಿಕೊಳ್ಳಲೆಂದೇ ಅವರು ಅಲ್ಲಿರುವುದು. ರೇಷನ್ ಕಾರ್ಡ್ ಮತ್ತು ಆಧಾರ್ ಪ್ರತಿಗಳನ್ನು ಮೊದಲು ಹೇಳಿದ ಡಬ್ಬಿಯಲ್ಲೇ ಇಟ್ಟಿರಿ.

ಸೇವೆ ಸರಿಯಾಗಿ ಸಿಗದಿದ್ದರೆ, ಆಂಬುಲೆನ್ಸ್ ತಡವಾದರೆ, ಔಷಧಿ ಇಲ್ಲವೆಂದರೆ, ಕ್ಯಾಶುವಾಲಿಟಿಯ ಸಿಬ್ಬಂದಿಯ ಮೇಲೆ ಏರಿಹೋಗುವುದರಿಂದ ನಿಮ್ಮ ರೋಗಿಗೂ ಪಕ್ಕದ ರೋಗಿಗೂ ನಷ್ಟ. ಕರೆ ಮಾಡಿದ ಸಮಯ, ವಾಹನ ಬಂದ ಸಮಯ, ಆಸ್ಪತ್ರೆ ಸೇರಿದ ಸಮಯ ಬರೆದಿಟ್ಟುಕೊಂಡು ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೊಡಿ. ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಬಂದಾಗ ಪ್ರತಿವಿಷದ ದಾಸ್ತಾನು ಎಲ್ಲಿದೆ, ರಾತ್ರಿ ಯಾರಿರುತ್ತಾರೆ ಎಂದು ಕೇಳಿ. ಒಳರಸ್ತೆಗಳು ತಿರುಗುವಲ್ಲಿ ಹೆಸರಿನ ಫಲಕ ಹಾಕಿಸಲು ಪಂಚಾಯತಿಗೆ ಅರ್ಜಿ ಕೊಡಿ. 108ರ ಚಾಲಕರಿಗೆ ರಾತ್ರಿ ಹೊತ್ತು ದಾರಿ ಹೇಳುವವರು ಆ ಫಲಕವಲ್ಲದೆ ಬೇರೆ ಯಾರೂ ಇರುವುದಿಲ್ಲ.